ಎರಡು ಸುದ್ದಿಗಳ ನಡುವೆ ಕಾಣೆಯಾದ ಶೆಟ್ಟರು

ಪತ್ರಿಕೆ ಕೆಲಸಕ್ಕೆ ಹೊಸದಾಗಿ ಸೇರಿದ ಮೂವರು ಈಚೆಗೆ ಮನೆಗೆ ಬಂದಿದ್ದರು. "ನಿಮ್ಮ ಕಾಲದಲ್ಲಿ ದೂರದ ದೇಶದ ಸುದ್ದಿ ಹೇಗೆ ಸಿಗುತ್ತಿತ್ತು ಸಾರ್?" ಎಂದು ಕೇಳಿದರು. ರೇಡಿಯೋ, ಅಂಚೆ, ಹಡಗು ಎಂದೇನೋ ಹೇಳಿ ಚಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ಆ ಉತ್ತರ ನನಗೇ ಸಪ್ಪೆಯೆನಿಸಿತು. ಸುದ್ದಿ ಹೇಗೋ ಸಿಗುತ್ತಿತ್ತು. ಸಿಕ್ಕಿದ ಮೇಲೆ ಅದನ್ನು ಏನು ಮಾಡುವುದು ಎಂದು ತಿಳಿಯದೆ ಎದೆ ಹೊಡೆದುಕೊಳ್ಳುತ್ತಿತ್ತಲ್ಲ, ಅದನ್ನು ಅವರಿಗೆ ಹೇಳಬೇಕಿತ್ತು. ನನ್ನ ವೃತ್ತಿಯ ಬಹುಭಾಗ ಅಂಥ ಹೆದರಿಕೆಯಲ್ಲೇ ಕಳೆದಿದೆ. ಬಾಯಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೈಂದೂರಿನ ಶೇರಿಗಾರರ ಮನೆಯವನು. ಅಪ್ಪ ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರು. ಕನ್ನಡ ಸೀಮೆಗಳೆಲ್ಲ ಒಂದೇ ರಾಜ್ಯವಾದ ವರ್ಷ, ಅಂದರೆ ೧೯೫೬ರಲ್ಲಿ, ನಾನು ಕುಂದಾಪುರದ ಒಂದು ವಾರಪತ್ರಿಕೆಗೆ ಸೇರಿದೆ. ಪತ್ರಿಕೆಯ ಮಾಲೀಕರೂ ಸಂಪಾದಕರೂ ಬ್ರಹ್ಮಾವರ ಕಡೆಯ ಹೆಬ್ಬಾರರು. ತೆಳ್ಳಗಿನ ಆಳು. ಪಂಚೆಯ ಚುಂಗನ್ನು ಸದಾ ಕೈಯಲ್ಲಿ ಹಿಡಿದೇ ಇರುತ್ತಿದ್ದರು, ಯಾವ ಗಳಿಗೆಯಲ್ಲಾದರೂ ಓಡಬೇಕಾದೀತು ಎನ್ನುವವರ ಹಾಗೆ. ಮುಂದಿನ ಕೋಣೆಯಲ್ಲಿ ಮೇಜು, ಹಿಂದಿನ ಕೋಣೆಯಲ್ಲಿ ಅಚ್ಚುಮೊಳೆಗಳ ಪೆಟ್ಟಿಗೆ ಮತ್ತು ಕಾಲಲ್ಲಿ ತುಳಿಯುವ ಯಂತ್ರ. ಇಷ್ಟೇ ನಮ್ಮ ಕಾರ್ಯಾಲಯ.

ನನ್ನ ಮೊದಲ ಕೆಲಸ ರೇಡಿಯೋ ಕೇಳಿ ಬರೆದುಕೊಳ್ಳುವುದು. ನಮ್ಮಂಥ ಸಣ್ಣ ಪತ್ರಿಕೆಯವರಿಗೆ ಅನುಕೂಲವಾಗಲೆಂದು ಆಗ ನಿಧಾನವಾಗಿ ಓದುವ ವಾರ್ತೆಯೊಂದು ಬರುತ್ತಿತ್ತು. ಒಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ಮಳೆಗಾಲದಲ್ಲಿ ಗರಗರ ಸದ್ದಿನ ನಡುವೆ ಅರ್ಧ ಕೇಳುತ್ತಿತ್ತು, ಉಳಿದರ್ಧವನ್ನು ನಾವು ಊಹಿಸಬೇಕಾಗಿತ್ತು. ಆಫ್ರಿಕದಲ್ಲಿ ಘಾನಾ ಎಂಬ ದೇಶ ಸ್ವತಂತ್ರವಾದಾಗ ನನಗೆ ಕೇಳಿಸಿದ್ದು ಗಯಾ. ಹಾಗೆಯೇ ಬರೆದೆ, ಹಾಗೆಯೇ ಅಚ್ಚಾಯಿತು.

ಪತ್ರಿಕೆ ಕೈಗೆ ಬಂದ ಕೂಡಲೇ ಹೆಬ್ಬಾರರು ಕೂಗಿದರು: "ಹ್ವಾಯ್ ಶೇರಿಗಾರ್ರೆ, ಗಯಾ ಎಂತಕೆ ಈಗ ಸ್ವತಂತ್ರ ಆಯ್ತ್ ಮಾರಾಯ್ರೆ? ನಮ್ಮ್ ಅಪ್ಪಯ್ಯ ಪಿಂಡ ಹಾಕುಕೆ ಅಲ್ಲಿಗೆ ಹೋಯಿ ಬಂದಿರ್!"

ಬೈದರು, ಆಮೇಲೆ ಮಂಗಳೂರಿಗೆ ಹೋದಾಗ ಆಫ್ರಿಕದ ದೊಡ್ಡದೊಂದು ನಕಾಶೆ ತಂದು ನನ್ನ ಮೇಜಿನ ಎದುರಿನ ಗೋಡೆಗೆ ಹೊಡೆಸಿದರು. ಒಂದೊಂದೇ ದೇಶ ಸ್ವತಂತ್ರವಾದಂತೆ ಅದರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುವುದು ನನಗೆ ಅಭ್ಯಾಸವಾಯಿತು. ಊರಲ್ಲಿ ಅದನ್ನು ನೋಡಿ ನಕ್ಕವರೇ ಹೆಚ್ಚು.

ಚೀನಾ ಯುದ್ಧ ಬಂತು. ನಮ್ಮ ರೇಡಿಯೋದಲ್ಲಿ ಮುಸ್ಸಂಜೆ ಹೊತ್ತಿಗೆ ಚೀನಾದ ರಾಜಧಾನಿ ಪೀಕಿಂಗಿನ ಇಂಗ್ಲಿಷ್ ವಾರ್ತೆ ಗಾಜಿನಷ್ಟು ಸ್ಪಷ್ಟವಾಗಿ ಕೇಳಿಸುತ್ತಿತ್ತು. ದೆಹಲಿಯದು ಗರಗರ, ಪೀಕಿಂಗಿನದು ನಿಚ್ಚಳ. ಶತ್ರು ಏನು ಹೇಳುತ್ತಾನೆಂದು ತಿಳಿಯಬೇಕಲ್ಲ ಎಂದು ನಾನು ಕಿವಿಗೊಟ್ಟು ಕೇಳುತ್ತಿದ್ದೆ. ಒಂದು ದಿನ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಬಂದು ಬಾಗಿಲಲ್ಲೇ ನಿಂತರು.

"ಇಲ್ಲಿ ಚೀನಾದ ರೇಡಿಯೋ ಹಾಕುತ್ತೀರಂತೆ?"

ಹೆಬ್ಬಾರರು ಪಂಚೆಯ ಚುಂಗನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದರು. ಯಾರೋ ದೂರು ಕೊಟ್ಟಿದ್ದರು. ನಾನು ಬರೆದಿಟ್ಟ ಹಾಳೆಗಳನ್ನೆಲ್ಲ ತೋರಿಸಿದೆ. ಅವರು ಒಂದೊಂದನ್ನೂ ಓದಿ, ಗೋಡೆಯ ಮೇಲಿನ ಕೆಂಪು ಗೆರೆಗಳ ಅರ್ಥವನ್ನೂ ಕೇಳಿ ತಿಳಿದುಕೊಂಡು, "ಕಾಲ ಸರಿ ಇಲ್ಲ ಹೆಬ್ಬಾರರೇ, ಜಾಗ್ರತೆ" ಎಂದಷ್ಟೇ ಹೇಳಿ ಹೋದರು. ಆ ಒಂದು ಮಾತು ಹೆಬ್ಬಾರರಿಗೆ ಹತ್ತು ವರ್ಷಕ್ಕೆ ಸಾಕಾಯಿತು. ಯುದ್ಧ ಮುಗಿದ ಮೇಲೂ ಪೀಕಿಂಗಿನ ದನಿ ಬಂದರೆ ಎದ್ದು ಕಿಟಕಿ ಮುಚ್ಚುತ್ತಿದ್ದರು. "ಸಣ್ಣ್ ಮಾಡಿ ಕೇಣಿ, ಸಣ್ಣ್ ಮಾಡಿ ಕೇಣಿ" ಎನ್ನುತ್ತಿದ್ದರು. ಕೇಳಬೇಡಿ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಅವರೊಳಗೂ ಒಬ್ಬ ಪತ್ರಕರ್ತನಿದ್ದ.

ಆಫ್ರಿಕದ ಪತ್ರಿಕೆಗಳನ್ನು ನಾನು ಮೊದಲು ಕಣ್ಣಾರೆ ಕಂಡದ್ದು ತಲ್ಲೂರಿನ ವಿಠಲ ಶೆಟ್ಟರಿಂದ. ಬೊಂಬಾಯಿಯ ಹೋಟೆಲಿನಲ್ಲಿ ದುಡಿದು, ಅಲ್ಲಿಂದ ಹಡಗು ಹತ್ತಿ ಈಗಿನ ಟಾಂಜಾನಿಯಾದ ದಾರೆಸ್ಸಲಾಮಿಗೆ ಹೋಗಿ, ಬಂದರಿನ ಹತ್ತಿರ ಒಂದು ಚಾ ಹೋಟೆಲು ಇಟ್ಟಿದ್ದರು. ಊರಿಗೆ ಬಂದಿದ್ದಾಗ ಯಾವುದೋ ಜಾಹೀರಾತು ಕೊಡಲು ನಮ್ಮಲ್ಲಿಗೆ ಬಂದವರು ಗೋಡೆಯ ನಕಾಶೆ ನೋಡಿ ನಿಂತುಬಿಟ್ಟರು. ಬೆರಳಿಟ್ಟು, "ಕಾಣಿ, ನಾನ್ ಇಲ್ಲಿಪ್ಪುದ್" ಎಂದರು. ಅವರ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕುಂದಾಪುರದಲ್ಲಿ ತಾನಿರುವ ಊರನ್ನು ಗುರುತಿಸಿ ಗೋಡೆಗೆ ಹಾಕಿದವರು ಒಬ್ಬರಾದರೂ ಇದ್ದಾರಲ್ಲ ಎಂಬ ಸಂತೋಷ. "ಅಲ್ಲಿಯ ಪೇಪರ್ ಕಳ್ಸ್ತೆ ನಿಮ್ಗೆ" ಎಂದು ಹೇಳಿ ಹೋದರು. ಕಳಿಸಿದರು ಕೂಡ. ಹೋಟೆಲಿಗೆ ಬಂದವರು ಓದಿ ಬಿಟ್ಟು ಹೋದ ಪತ್ರಿಕೆಗಳನ್ನು ಸುರುಳಿ ಸುತ್ತಿ ಕಟ್ಟಿ, ಹಡಗಿನ ಅಂಚೆಯಲ್ಲಿ. ಚಾದ ಕಲೆ, ಸಾಂಬಾರಿನ ಕಲೆ ಇರುತ್ತಿದ್ದ ಆ ಕಟ್ಟು ನಮ್ಮನ್ನು ಮುಟ್ಟುವಾಗ ಸುದ್ದಿ ತಿಂಗಳು ದಾಟಿ ಹಳತಾಗಿರುತ್ತಿತ್ತು.

ಹೊಸಬರು ಇದನ್ನು ಗಮನಿಸಬೇಕು. ಚೀನಾ ಹೇಳಿದ್ದು ಅದೇ ದಿನ ನನ್ನ ಕಿವಿಗೆ ಬೀಳುತ್ತಿತ್ತು. ಆಫ್ರಿಕ ಹೇಳಿದ್ದು ಒಂದೂವರೆ ತಿಂಗಳ ಮೇಲೆ ರದ್ದಿಯಾಗಿ ಬರುತ್ತಿತ್ತು. ಮೊದಲು ಬಂದದ್ದೇ ನಿಜವೆಂದು ಮನಸ್ಸು ಒಪ್ಪಿಕೊಂಡು ಬಿಟ್ಟಿರುತ್ತದೆ. ನಿಧಾನವಾಗಿ ಬಂದದ್ದಕ್ಕೆ ಆಮೇಲೆ ಜಾಗ ಸಿಗುವುದಿಲ್ಲ.

ಚೀನಾದ ದೊಡ್ಡ ನಾಯಕರು ಆಫ್ರಿಕ ಪ್ರವಾಸ ಮಾಡಿದ್ದನ್ನು ನಾನು ಎರಡೂ ಕಡೆಯಿಂದ ಓದಿದೆ. ರೇಡಿಯೋದಲ್ಲಿ ಡೋಲು, ಹೂಮಾಲೆ, ರಸ್ತೆಯುದ್ದಕ್ಕೂ ಹರ್ಷೋದ್ಗಾರ. ದಾರೆಸ್ಸಲಾಮಿನ ಪತ್ರಿಕೆಯಲ್ಲೂ ಡೋಲು ಇತ್ತು. ಅದರ ಜೊತೆಗೆ, ಶಾಲೆಯ ಮಕ್ಕಳು ಬಿಸಿಲಲ್ಲಿ ಕಾದು ಸುಸ್ತಾದದ್ದು, ಯಾವ ರಸ್ತೆ ಬಂದಾಗಿತ್ತು ಎನ್ನುವುದು, ತಮ್ಮ ಅಧ್ಯಕ್ಷರು ಏನು ಬೇಕೆಂದು ಕೇಳಿದರು, ಯಾವುದಕ್ಕೆ ಒಪ್ಪಲಿಲ್ಲ ಎನ್ನುವುದೂ ಇತ್ತು. ಶೆಟ್ಟರ ಕಟ್ಟಿನಲ್ಲಿ ಒಮ್ಮೊಮ್ಮೆ ನೈರೋಬಿಯ ಪತ್ರಿಕೆಯೂ ಸೇರಿರುತ್ತಿತ್ತು. ಅದಕ್ಕೆ ಇಡೀ ಪ್ರವಾಸದ ಬಗ್ಗೆಯೇ ಗುಮಾನಿ. ಹಾಗಾಗಿ ಆಫ್ರಿಕ ಎಂದರೆ ಒಂದೇ ಬಾಯಿ ಎಂದು ತಿಳಿಯುವುದೂ ತಪ್ಪೆಂದು ಗೊತ್ತಾಯಿತು. ಚೀನಾದ ಸುದ್ದಿಯಲ್ಲಿ ಆಫ್ರಿಕದವನು ಯಾವಾಗಲೂ ಉಪಕಾರ ಸ್ಮರಿಸುತ್ತಿರುತ್ತಾನೆ. ಆಫ್ರಿಕದ ಪತ್ರಿಕೆಯಲ್ಲಿ ಚೀನಾದವನು ಪೇಟೆಯಲ್ಲಿ ಕೋಸುಗೆಡ್ಡೆ ಕೊಳ್ಳುತ್ತಿರುತ್ತಾನೆ.

ಟಾಂಜಾನಿಯಾದಿಂದ ಜಾಂಬಿಯಾಕ್ಕೆ ಚೀನಾದವರು ರೈಲುದಾರಿ ಹಾಕಲು ಶುರುಮಾಡಿದ ಮೇಲಂತೂ ಈ ವ್ಯತ್ಯಾಸ ಇನ್ನೂ ಎದ್ದು ಕಂಡಿತು. ಪೀಕಿಂಗಿನ ಪ್ರಕಾರ ದಿನವೂ ಒಂದು ಬೆಟ್ಟ ಒಡೆಯುತ್ತಿತ್ತು, ಇಬ್ಬರು ಸಹೋದರರು ಹೆಗಲಿಗೆ ಹೆಗಲು ಕೊಡುತ್ತಿದ್ದರು. ಅಲ್ಲಿನ ಪತ್ರಿಕೆಗಳೂ ಮೆಚ್ಚುತ್ತಿದ್ದವು. ಇಂಜಿನಿಯರುಗಳೇ ಮಣ್ಣು ಹೊರುತ್ತಾರೆ, ಕೂಲಿಯವರ ಹಾಗೆ ಗುಡಾರದಲ್ಲಿ ಮಲಗುತ್ತಾರೆ ಎಂದು ಬೆರಗಿನಿಂದ ಬರೆಯುತ್ತಿದ್ದವು. ಹಾಗೆಯೇ, ಅಂಗಡಿ ತುಂಬ ಚೀನಾದ ಅಂಗಿ, ಚೀನಾದ ಟಾರ್ಚು, ಚೀನಾದ ಬೋಗುಣಿ, ನಮಗೆ ಬೇಕಾದ್ದು ಸಿಗುವುದಿಲ್ಲ ಎಂದು ಓದುಗರು ಗೊಣಗುವ ಪತ್ರಗಳನ್ನೂ ಹಾಕುತ್ತಿದ್ದವು. ನಮ್ಮ ದೇಶದ ಪತ್ರಿಕೆಗಳಿಗೆ ಈ ಎರಡೂ ಬೇಕಿರಲಿಲ್ಲ. ಅವು ಲಂಡನ್ ಕಡೆಯ ಸುದ್ದಿ ಎತ್ತಿಕೊಂಡು, ಕೂಲಿಯವರ ವೇಷದಲ್ಲಿ ಬಂದವರೆಲ್ಲ ಚೀನಾದ ಸಿಪಾಯಿಗಳಂತೆ ಎಂದು ಬರೆಯುತ್ತಿದ್ದವು.

೧೯೭೧ರಲ್ಲಿ, ಆ ರೈಲು ದಾರಿಯ ಕೆಲಸಗಾರರಿಗೆ ಚಾ ಮಾರಿದರೆ ವ್ಯಾಪಾರ ಚೆನ್ನಾಗಿರುತ್ತದೆಂದು ವಿಠಲ ಶೆಟ್ಟರು ದಾರೆಸ್ಸಲಾಮಿನ ಹೋಟೆಲು ಬಿಟ್ಟು ಒಳನಾಡಿಗೆ ಹೋದರು. ಒಂದು ದೊಡ್ಡ ಸೇತುವೆ ಕಟ್ಟುವ ಜಾಗ. ಹೋದ ಮೇಲೆ ಒಂದು ಕಟ್ಟು ಬಂತು. ಆಮೇಲೆ ನಿಂತಿತು. ರೂಢಿ ತಪ್ಪಿತೆಂದಷ್ಟೇ ಅಂದುಕೊಂಡೆ.

ಜೂನಿನ ಮಳೆಯಲ್ಲಿ ಒಂದು ಮಧ್ಯಾಹ್ನ ಅವರ ಹೆಂಡತಿ ಸುಶೀಲಕ್ಕ ಮಗಳ ಕೈ ಹಿಡಿದು ನಮ್ಮ ಕಾರ್ಯಾಲಯಕ್ಕೆ ಬಂದರು. ಕೊಡೆಯಿಂದ ನೀರು ಇಳಿಯುತ್ತಿತ್ತು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು.

"ಪೇಪರಿನವ್ರೆ, ಅವ್ರ್ ನಿಮ್ಗೆ ಎಂತಾರೂ ಕಳ್ಸಿರಾ?"

"ಇಲ್ಲ ಅಕ್ಕ. ನಿಮಗೆ ಕಾಗದ ಇಲ್ವಾ?"

"ಎರಡ್ ತಿಂಗ್ಳಾಯ್ತ್. ಒಂದೂ ಇಲ್ಲೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಊರಗೆ ಒಬ್ಬೊಬ್ರ್ ಒಂದೊಂದ್ ಹೇಳ್ತ್ರ್. ಅಲ್ಲಿಪ್ಪುದೆಲ್ಲ ಚೀನಾದ ಮಿಲಿಟ್ರಿ ಅಂಬ್ರ್, ನಮ್ಮವ್ರನ್ನ ಕಂಡ್ರೆ ಹಿಡ್ದ್ ಹಾಕ್ತ್ರ್ ಅಂಬ್ರ್. ನಾನೂ ಪೇಪರ್ ಓದ್ತೆ. ಓದಿಯೇ ಹೆದ್ರಿಕಿ ಆದ್ದ್."

ವಿಷಯ ಇಷ್ಟೇ ಆಗಿರಲಿಲ್ಲ. ಸುಶೀಲಕ್ಕ, ಮಗಳು ಇಬ್ಬರೂ ಅಲ್ಲಿಗೆ ಹೋಗಲು ಹಡಗಿನ ಟಿಕೇಟು ಮೊದಲೇ ಆಗಿತ್ತು. ಸುಶೀಲಕ್ಕ ಇದ್ದ ತವರುಮನೆಯೂ ತಲ್ಲೂರಿನದೇ, ಅಲ್ಲಿ ಅವರ ಅಣ್ಣನೇ ಯಜಮಾನ. ಹೋಗುವುದು ಬೇಡ, ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದೆ ತಂಗಿಯನ್ನು ಹಡಗು ಹತ್ತಿಸುವವ ನಾನಲ್ಲ ಎಂದು ಅವರು ಕುಳಿತಿದ್ದರು. ಸುಶೀಲಕ್ಕನಿಗೆ ಹೋಗದೆ ಇರುವುದೂ ಹೆದರಿಕೆ. ಅಲ್ಲಿ ಗಂಡ ಹಾಸಿಗೆ ಹಿಡಿದು ನೀರು ಕೊಡುವವರೂ ಇಲ್ಲದೆ ಬಿದ್ದಿದ್ದರೆ?

"ಹೋಪ್ದಾ ಬ್ಯಾಡ್ದಾ, ನೀವ್ ಒಂದ್ ಮಾತ್ ಹೇಳಿ. ಅವ್ರ್ ಇದ್ರಾ, ಇಲ್ಯಾ?"

ಅಲ್ಲಿಯತನಕ ನನಗೆ ಆಫ್ರಿಕ ಎಂದರೆ ಗೋಡೆಯ ನಕಾಶೆ. ಎದುರಿಗೆ ಒಬ್ಬ ಹೆಂಗಸು ನಿಂತು, ನೀನು ಇಷ್ಟು ವರ್ಷ ಕೇಳಿದ್ದು ಓದಿದ್ದೆಲ್ಲ ಸೇರಿಸಿ ನನ್ನ ಗಂಡ ಇದ್ದಾನೋ ಇಲ್ಲವೋ ಹೇಳು ಎನ್ನುತ್ತಿದ್ದರು. "ವಿಚಾರಿಸುವ ಅಕ್ಕ" ಎಂದೆ. ಎಲ್ಲಿ ವಿಚಾರಿಸುವುದೆಂದು ನನಗೇ ಗೊತ್ತಿರಲಿಲ್ಲ.

ಅಂದಿನಿಂದ ನಾನು ಪೀಕಿಂಗಿನ ವಾರ್ತೆಯನ್ನು ಬೇರೆ ಕಿವಿಯಲ್ಲಿ ಕೇಳತೊಡಗಿದೆ. ಪಶ್ಚಿಮದವರು ಏನಂದರು, ಮಾಸ್ಕೋದವರು ಏನಂದರು ಎಂಬುದೆಲ್ಲ ಬೇಡವಾಗಿತ್ತು. ರೈಲು ದಾರಿಯ ಹೆಸರು ಬಂದರೆ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದೆ. ಹೆಬ್ಬಾರರು ಕಿಟಕಿ ಮುಚ್ಚಿ ಬಂದು ಪಕ್ಕದಲ್ಲೇ ಕೂರುತ್ತಿದ್ದರು. ಬರುತ್ತಿದ್ದುದು ಅದೇ ಬೆಟ್ಟ, ಅದೇ ಸಹೋದರರು. ಭಾರತದವನು ಒಬ್ಬ ಆ ದಾರಿಯಲ್ಲಿ ಇದ್ದಾನೆ ಎನ್ನುವ ಸುಳಿವೇ ಆ ಸುದ್ದಿಗಳಲ್ಲಿ ಇರುತ್ತಿರಲಿಲ್ಲ. ಎರಡೇ ಜನಾಂಗದವರು ವಾಸಿಸುವ ಲೋಕ ಅದು.

ಒಂದು ಸಂಜೆ ಒಂದು ಸಣ್ಣ ಪ್ರಸಂಗ ಬಂತು. ಸೇತುವೆಯ ಶಿಬಿರದ ಚೀನಾ ವೈದ್ಯರು, ಚಾ ಅಂಗಡಿ ಇಟ್ಟಿದ್ದ ಸ್ಥಳೀಯ ಗೆಳೆಯನೊಬ್ಬನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿ ಸಾವಿನ ಬಾಯಿಂದ ಉಳಿಸಿದರಂತೆ. ಅವನು ಕಣ್ಣೀರು ಸುರಿಸುತ್ತ ವೈದ್ಯರ ಕೈ ಹಿಡಿದು ಎರಡು ದೇಶಗಳ ಸ್ನೇಹ ಚಿರಾಯುವಾಗಲಿ ಎಂದನಂತೆ. ಹೆಸರಿಲ್ಲ. ಚಾ ಅಂಗಡಿ ಎಂದ ಕೂಡಲೇ ನಾನೂ ಹೆಬ್ಬಾರರೂ ಮುಖ ನೋಡಿಕೊಂಡೆವು.

"ಆಫ್ರಿಕದವ ಇರ್ಕ್," ಎಂದರು ಹೆಬ್ಬಾರರು. "ಸ್ಥಳೀಯ ಅಂದ್ರಲೆ."

"ಅವರಿಗೆ ನಮ್ಮ ಶೆಟ್ಟರೂ ಸ್ಥಳೀಯರೇ ಅಲ್ವಾ?"

"ಸುಶೀಲಮ್ಮನಿಗೆ ಹೇಳ್ಬೇಡಿ. ಅಲ್ಲ ಅಂದೇಳಿ ಆದ್ರೆ ಅವ್ರ್ ಎರಡ್ ಸಲ ಸತ್ತ್ ಹಾಂಗೆ ಆತ್ತ್."

ನಾನು ಹೇಳಲಿಲ್ಲ. ಮರುದಿನ ಗಂಗೊಳ್ಳಿಗೆ ಹೋದೆ. ಅಲ್ಲಿಯ ಹಸನ್ ಸಾಹೇಬರು ಬೊಂಬಾಯಿಯಿಂದ ಆಫ್ರಿಕದ ಕರಾವಳಿಗೆ ಹೋಗುವ ಹಡಗಿನಲ್ಲಿ ಖಲಾಸಿಯಾಗಿದ್ದರು. ಅವರು ಹಡಗಿನಲ್ಲೇ ಇದ್ದರು, ರಜೆಗೆ ಬರುವುದು ಮುಂದಿನ ತಿಂಗಳು ಎಂದರು ಮನೆಯವರು. ದಾರೆಸ್ಸಲಾಮಿನಲ್ಲಿ ಸಿಕ್ಕಿದ ಪತ್ರಿಕೆಯನ್ನೆಲ್ಲ ತರಲು ಹೇಳಿ ಎಂದು ಬೊಂಬಾಯಿ ವಿಳಾಸಕ್ಕೆ ಕಾಗದ ಹಾಕಿಸಿದೆ. ಆ ನಡುವೆ ಸುಶೀಲಕ್ಕ ಎರಡು ಸಲ ಬಂದು ಹೋದರು. ಟಿಕೇಟಿನ ಹಡಗು ಅವರನ್ನು ಬಿಟ್ಟು ಹೋಯಿತು. ಎರಡನೆಯ ಸಲ ಬಂದಾಗ ಅವರು ಏನನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ನಕಾಶೆ ನೋಡಿ, ಎದ್ದು ಹೋದರು. ಕೇಳಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಹಸನ್ ಸಾಹೇಬರು ಬಂದವರು ಮನೆಗೂ ಹೋಗದೆ ಮೊದಲು ನಮ್ಮಲ್ಲಿಗೆ ಬಂದರು. ಹೆಗಲ ಮೇಲೆ ಗೋಣಿ. "ಕಾಣಿ, ಮೀನ್ ಕಟ್ಟುಕೆ ಇಟ್ಕಂಡದ್ದನ್ನೂ ಬಿಡ್ಲಿಲ್ಲೆ" ಎಂದು ಗೋಣಿಯನ್ನು ಮೇಜಿನ ಮೇಲೆ ಸುರಿದರು. ನಾನು, ಹೆಬ್ಬಾರರು, ಮೊಳೆ ಜೋಡಿಸುವವರು ಎಲ್ಲ ಸೇರಿ ಹಾಳೆ ಬಿಡಿಸತೊಡಗಿದೆವು. ಇಂಗ್ಲಿಷ್ ಬಾರದವರಿಗೆ ರೈಲಿನ ಚಿತ್ರವಿದ್ದದ್ದನ್ನು ತೆಗೆದಿಡಿ ಎಂದೆ.

ನನಗೆ ಬೇಕಾದದ್ದು ಸಿಕ್ಕಿದ್ದು ಓದುಗರ ಪತ್ರಗಳ ನಡುವೆ. ಸೇತುವೆಯ ಊರಿನವನೊಬ್ಬ ಸಿಟ್ಟಿನಿಂದ ಬರೆದಿದ್ದ. ಶಿಬಿರದ ಆಸ್ಪತ್ರೆಯ ಮುಂದೆ ನಮ್ಮ ಜನ ಬೆಳಗಿನಿಂದ ಮರದ ಕೆಳಗೆ ಕಾದು ಕೂತಿದ್ದರು, ಲಾರಿಯಲ್ಲಿ ಬಂದ ಒಬ್ಬ ಏಷ್ಯನ್ ಹೋಟೆಲಿನವನನ್ನು ಮಾತ್ರ ಎಲ್ಲರಿಗಿಂತ ಮೊದಲು ಒಳಗೆ ಒಯ್ದು ಹೊಟ್ಟೆ ಕೊಯ್ದು ವಾಸಿಮಾಡಿದರು, ಈ ಸ್ನೇಹ ಯಾರಿಗಾಗಿ ಎಂದು ಅವನ ಪ್ರಶ್ನೆ. ಹೋಟೆಲಿನವನ ಹೆಸರನ್ನೂ ಬರೆದಿದ್ದ. ಶೆಟಿ ಎಂದು.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಹೆಬ್ಬಾರರು ಪಂಚೆಯ ಚುಂಗು ಬಿಟ್ಟು ಎರಡು ಕೈಯಲ್ಲೂ ಮೇಜು ಹಿಡಿದುಕೊಂಡರು. ಪೀಕಿಂಗ್ ಹೇಳಿದ ಸ್ಥಳೀಯ ಗೆಳೆಯ, ದಾರೆಸ್ಸಲಾಮಿನ ಪತ್ರಿಕೆ ಹೇಳಿದ ಏಷ್ಯನ್ ಹೋಟೆಲಿನವ, ತಲ್ಲೂರಿನ ವಿಠಲ ಶೆಟ್ಟರು, ಮೂವರೂ ಒಬ್ಬರೇ. ಒಂದು ಕಡೆ ಅವರು ಉಪಕಾರ ಸ್ಮರಿಸಲು ಬೇಕಾದವರು, ಇನ್ನೊಂದು ಕಡೆ ಸಾಲು ತಪ್ಪಿಸಿ ನುಗ್ಗಿದವರು. ರೇಡಿಯೋ ಒಂದನ್ನೇ ನಂಬಿದ್ದರೆ ಅವರು ಯಾರೋ ಆಫ್ರಿಕದವರಾಗಿ ಉಳಿಯುತ್ತಿದ್ದರು.

ಅಂದು ಸಂಜೆಯೇ ತಲ್ಲೂರಿಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಹೊಟ್ಟೆ ಕೊಯ್ದದ್ದು ತಿಂಗಳುಗಳ ಹಿಂದೆ. ಆಮೇಲೆ ಏನಾಯಿತೋ ಯಾರಿಗೆ ಗೊತ್ತು? ನಾನು ಓದಿ ಹೇಳಿದ್ದನ್ನು ಸುಶೀಲಕ್ಕ ಕೊನೆಯವರೆಗೂ ನಿಂತೇ ಕೇಳಿದರು. ಅವರ ಅಣ್ಣ, "ಚೀನಾದವ್ರ್ ನಮ್ಮವ್ರಿಗೆ ಮದ್ದ್ ಮಾಡ್ತ್ರಾ? ನಂಬುಕಾತ್ತಾ?" ಎಂದರು. ಸುಶೀಲಕ್ಕ ಅವರ ಕಡೆ ತಿರುಗಿಯೂ ನೋಡಲಿಲ್ಲ. "ತಂತಿ ಕೊಡುವ" ಎಂದರು ನನಗೆ.

ಮರುದಿನ ತಂತಿ ಕಚೇರಿಯಲ್ಲಿ ವಿಳಾಸ ಏನೆಂದು ಬರೆಯುವುದು? ಚೀನಾ ಶಿಬಿರದ ಆಸ್ಪತ್ರೆ ಎಂದು ನಾನು ಬರೆದದ್ದನ್ನು ಹೆಬ್ಬಾರರು ಕಿತ್ತುಕೊಂಡು, "ರೈಲ್ವೆ ಆಸ್ಪತ್ರೆ ಅಂದೇಳಿ ಬರಿನಿ, ಸಾಕ್" ಎಂದರು. ಪೂರ್ವ ಪಾಕಿಸ್ತಾನದ ಗಲಾಟೆ ಹೊತ್ತಿ ಉರಿಯುತ್ತಿದ್ದ ಸಮಯ. ಚೀನಾ ಪಾಕಿಸ್ತಾನದ ಕಡೆ ಎಂದು ಎಲ್ಲರಿಗೂ ಗೊತ್ತಿತ್ತು. ಜವಾಬಿಗೆ ಒಂದು ವಾರಕ್ಕೂ ಹೆಚ್ಚು ಕಾದೆವು. ಅಂಚೆಯವರ ಸೈಕಲ್ ಗಂಟೆ ಕೇಳಿದರೆ ಹೆಬ್ಬಾರರು ಒಳಗೆ ಹೋಗುತ್ತಿದ್ದರು, ನಾನು ಹೊರಗೆ ಬರುತ್ತಿದ್ದೆ. ಕಡೆಗೆ ಬಂತು. ಜೀವ ಇದೆ, ನಿಶ್ಶಕ್ತಿ, ಬರುತ್ತಿದ್ದೇನೆ ಎಂಬಷ್ಟೇ ಇಂಗ್ಲಿಷ್ ಮಾತು. ಸುಶೀಲಕ್ಕ ಅದನ್ನು ನನ್ನಿಂದ ಓದಿಸಿ, ಮಗಳಿಂದ ಓದಿಸಿ, ಆಮೇಲೆ ತಾವೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

ಮಳೆ ಬಿಟ್ಟ ಮೇಲೆ ವಿಠಲ ಶೆಟ್ಟರು ಬಂದರು. ಅರ್ಧ ಆಳಾಗಿದ್ದರು. ಹೊಟ್ಟೆ ಕೊಯ್ದ ಗಾಯ ಕೀವಾಗಿ, ಜ್ವರ ಬಂದು, ಬರೆಯುವ ಶಕ್ತಿಯೇ ಇರಲಿಲ್ಲವಂತೆ. ನಾನು ರೇಡಿಯೋದ ಮಾತು ಹೇಳಿದೆ. ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸ್ನೇಹ ಚಿರಾಯು ಅಂದೇಳಿ ನಾನ್ ಹೇಳದ್ನಾ? ಪ್ರಜ್ಞೆ ಇದ್ರೆ ಅಲ್ದಾ ಹೇಳೂಕೆ!"

"ಮತ್ತೆ ಸಾಲು ತಪ್ಪಿಸಿದ್ದು?"

"ಅದ್ ಹೌದ್." ಶೆಟ್ಟರ ನಗು ನಿಂತಿತು. "ಕಾದ್ ಕೂತವ್ರಿಗೆ ಸಿಟ್ಟ್ ಬಪ್ದೇ. ಆದ್ರೆ ನಾನ್ ನುಗ್ಗದ್ದಲ್ಲ. ನನ್ನನ್ನ ನುಗ್ಸಿದ್ದ್ ಮಾಮಾ ಆಶಾ."

ಆ ಹೆಸರು ನಾನು ಎಲ್ಲೂ ಕೇಳಿರಲಿಲ್ಲ, ಎಲ್ಲೂ ಓದಿರಲಿಲ್ಲ. ಮಾಮಾ ಎಂದರೆ ಅಲ್ಲಿಯ ಮಾತಿನಲ್ಲಿ ಅಮ್ಮ. ಶೆಟ್ಟರ ಅಂಗಡಿಯ ಎದುರು ಬಾಳೆಎಲೆಯಲ್ಲಿ ಏನೋ ಕಟ್ಟಿ ಮಾರುವ ನಡುವಯಸ್ಸಿನ ಹೆಂಗಸು. ದಿನವೂ "ಹಬಾರಿ?" ಎನ್ನುತ್ತಿದ್ದಳಂತೆ. ಅಲ್ಲಿಯವರು ಎದುರಾದರೆ ಮೊದಲು ಕೇಳುವುದೇ ಅದು, ಸುದ್ದಿ ಏನೆಂದು. ಶೆಟ್ಟರು ಅಂಗಡಿಯಲ್ಲಿ ಬಿದ್ದು ಹೊರಳಾಡುವುದನ್ನು ಕಂಡು ಅವಳು ಓಡಿಹೋಗಿ ರಸ್ತೆಯ ನಡುವೆ ಕೈ ಅಡ್ಡ ಮಾಡಿ ನಿಂತು ಚೀನಾದವರ ಲಾರಿ ನಿಲ್ಲಿಸಿದಳು. ಚಾಲಕನಿಗೆ ಅವಳ ಮಾತು ಬಾರದು, ಅವಳಿಗೆ ಅವನದು ಬಾರದು. ತನ್ನ ಹೊಟ್ಟೆ ಹಿಡಿದು ನರಳಿ ತೋರಿಸಿದಳಂತೆ. ಶೆಟ್ಟರನ್ನು ಎತ್ತಿ ಹಾಕಿ, ತಾನೂ ಹತ್ತಿ, ಶಿಬಿರದಲ್ಲಿ ಕಾದವರೆಲ್ಲ ಬೈದಾಗ ಅಷ್ಟೂ ಜನರೊಡನೆ ಜಗಳವಾಡಿ ಒಳಗೆ ಕಳಿಸಿದಳು. ಚೀನಾದ ವೈದ್ಯರಿಗೆ ಇವರು ಭಾರತದವರೆಂದು ಗೊತ್ತಿತ್ತು. "ಇಂದಿಯಾ?" ಎಂದು ಒಮ್ಮೆ ಕೇಳಿ, ತಲೆಯಾಡಿಸಿ, ಮತ್ತೆ ಆ ಮಾತೆತ್ತಲಿಲ್ಲವಂತೆ.

ಇದನ್ನು ನಾನು ಬರೆದೆ. ಪೀಕಿಂಗ್ ಹೇಳಿದ್ದು, ದಾರೆಸ್ಸಲಾಮ್ ಹೇಳಿದ್ದು, ಶೆಟ್ಟರು ಹೇಳಿದ್ದು, ಮೂರನ್ನೂ ಇಂಥವರು ಹೇಳಿದ್ದೆಂದು ಸ್ಪಷ್ಟಪಡಿಸಿ ಒಂದರ ಕೆಳಗೊಂದು. ಪ್ರೂಫ್ ಹೆಬ್ಬಾರರ ಕೈಗೆ ಹೋಗಿ ಬಂದಾಗ ಚೀನಾ ಎಂಬ ಮಾತು ಇದ್ದಲ್ಲೆಲ್ಲ ಶಾಯಿಯ ಗೀಟು. ಅಲ್ಲಿಯ ವೈದ್ಯರು ಎಂದು ತಿದ್ದಿದ್ದರು. ಜಾಗ ಸಾಲದೆಂದು ಮಾಮಾ ಆಶಾಳನ್ನೂ ಒಂದೇ ಸಾಲಿಗೆ ಇಳಿಸಿದ್ದರು.

"ಹೀಗೆ ಮಾಡಿದರೆ ಪೀಕಿಂಗಿನವರಿಗೂ ನಮಗೂ ಏನು ವ್ಯತ್ಯಾಸ ಹೆಬ್ಬಾರರೇ?" ಎಂದೆ. ದನಿ ಏರಿತ್ತು.

"ವ್ಯತ್ಯಾಸ ಎಂತದಾ? ಅವ್ರಿಗೆ ಸರ್ಕಾರ ಇತ್ತ್, ನಂಗೆ ಹೆಂಡ್ತಿ ಮಕ್ಕಳ್ ಇದ್ರ್!" ಎಂದರು. ಅವರ ಕಣ್ಣಲ್ಲಿ ನೀರಿತ್ತು. "ಯುದ್ಧ ಆಪು ಹಾಂಗೆ ಇತ್ತ್. ನಾಳೆ ಪ್ರೆಸ್ಸಿಗೆ ಬೀಗ ಹಾಕ್ರೆ ಎಲ್ಲಿಗ್ ಹೋಪುದ್ ನಾವ್?"

ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ನನಗೂ ಮನೆಯಿತ್ತು. ಪ್ರೂಫ್ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಅಷ್ಟರಲ್ಲಿ ಶೆಟ್ಟರು, ಸುಶೀಲಕ್ಕ ಪೇಟೆಗೆ ಬಂದವರು ಒಳಗೆ ಬಂದರು. ಶೆಟ್ಟರು ಪ್ರೂಫ್ ಎತ್ತಿ ಓದಿದರು. ಗೀಟುಗಳನ್ನು ನೋಡಿದರು.

"ಹೆಬ್ಬಾರ್ರೆ, ಚೀನಾದ ಡಾಕ್ಟ್ರ್ ಅಂಬ್ದನ್ನ ತೆಗುದಾದ್ರೆ ನನ್ನ್ ಹೊಟ್ಟಿ ಹೊಲ್ಗಿನೂ ಬಿಚ್ಚಿ ತೆಗಿನಿ."

ಸುಶೀಲಕ್ಕ ಮೆಲ್ಲಗೆ, "ಆ ಹೆಂಗ್ಸಿನ್ ಕಥಿಯಾರೂ ಪೂರ್ತಿ ಹಾಕಿ ಅಯ್ಯ. ಅವ್ಳ್ ಇಲ್ದಿರೆ ನಾನ್ ಇವತ್ತ್ ಹೀಂಗೆ ಕುಂಕುಮ ಹಚ್ಕಂಡ್ ನಿಂತ್ಕಂತಿರ್ಲಿಲ್ಲೆ" ಎಂದರು.

ಹೆಬ್ಬಾರರು ಪ್ರೂಫ್ ಇಸಿದುಕೊಂಡು ಹಿಂದಿನ ಕೋಣೆಗೆ ಹೋದರು. ಮೊಳೆ ಜೋಡಿಸುವವರಿಗೆ ಹೇಳಿದ್ದು ನನಗೆ ಕೇಳಿಸಿತು: "ನನ್ನ್ ಗೀಟ್ ಎಲ್ಲ ಬಿಡಿ. ಮೊದ್ಲ್ ಇದ್ದಾಂಗೆ ಕಟ್ಟಿ. ಆ ಸಾಬೂನಿನ ಜಾಹೀರಾತ್ ಮುಂದಿನ ವಾರಕ್ಕೆ."

ಪತ್ರಿಕೆ ಹೊರಬಿದ್ದ ವಾರ ಹೆಬ್ಬಾರರು ಊಟ ಬಿಟ್ಟಿದ್ದರು. ಖಾಕಿ ಕಂಡರೆ ನಾನೂ ಬೇರೆ ದಾರಿ ಹಿಡಿಯುತ್ತಿದ್ದೆ. ಬ್ರಹ್ಮಾವರದಿಂದ ಒಬ್ಬರು ಪತ್ರಿಕೆಯನ್ನು ನಾಲ್ಕು ತುಂಡು ಮಾಡಿ ಲಕೋಟೆಯಲ್ಲಿ ಹಾಕಿ ಕಳಿಸಿದರು. 'ದೇಶದ್ರೋಹಿಗಳು' ಎಂದು ಒಂದು ಕಾರ್ಡು ಬಂತು. ಸಿದ್ದಾಪುರದ ಮೇಷ್ಟರೊಬ್ಬರು ಮಕ್ಕಳಿಗೆ ಓದಿ ಹೇಳಿದೆ ಎಂದು ಬರೆದರು. ಪೊಲೀಸರು ಬರಲಿಲ್ಲ. ಕಡೆಯ ತನಕ ಬರಲೇ ಇಲ್ಲ. ಬರದೆ ಇದ್ದುದರಿಂದ ಹೆಬ್ಬಾರರ ಹೆದರಿಕೆ ಕಡಿಮೆಯೇನೂ ಆಗಲಿಲ್ಲ. ಇನ್ನೂ ಬಂದಿಲ್ಲ ಎಂಬುದೇ ಹೆದರಿಕೆಯಾಯಿತು.

ಮರುವರ್ಷದ ಆರಂಭದಲ್ಲಿ ಶೆಟ್ಟರು ಹೊರಟು ನಿಂತರು. ಈ ಸಲ ಹೆಂಡತಿ, ಮಗಳು ಜೊತೆಗೆ. ಅಣ್ಣ ಬೇಡವೆಂದರೂ ಸುಶೀಲಕ್ಕ ಕೇಳಲಿಲ್ಲ. ಹೊರಡುವ ಮುನ್ನ ಬಂದು ಆ ಸಂಚಿಕೆಯ ಎರಡು ಪ್ರತಿ ಕೇಳಿದರು.

"ಮಾಮಾ ಆಶಾಳಿಗೆ ಕೊಡುಕೆ. ಇವ್ರ್ ಅವ್ಳ್ ಭಾಷೆಗೆ ಓದಿ ಹೇಳ್ತ್ರ್."

ಪ್ರತಿ ಕೊಟ್ಟೆ. ಕೊಟ್ಟ ಮೇಲೆ ಶುರುವಾಯಿತು ನನ್ನ ಕಳವಳ. ಅಷ್ಟು ವರ್ಷ ಆಫ್ರಿಕದ ಬಗ್ಗೆ ಬರೆದಿದ್ದೆ. ಆಫ್ರಿಕದವರು ಯಾರೂ ಅದನ್ನು ಕೇಳಿರಲಿಲ್ಲ. ಈಗ ಒಬ್ಬಳು ಕೇಳಲಿದ್ದಳು.

ಆ ವರ್ಷ ಮಳೆಗಾಲದಲ್ಲಿ ಉಗಾಂಡಾದಿಂದ ನಮ್ಮವರನ್ನೆಲ್ಲ ಹೊರಗೆ ಹಾಕುವ ಸುದ್ದಿ ಬಂತು. ಪಕ್ಕದ ದೇಶ. ಇಂದು ಅಲ್ಲಿ, ನಾಳೆ ಟಾಂಜಾನಿಯಾದಲ್ಲಿ ಎಂದು ಊರೆಲ್ಲ ಮಾತು. ಸುಶೀಲಕ್ಕನ ಅಣ್ಣ ದಿನ ಬಿಟ್ಟು ದಿನ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಲಂಡನ್ ಒಂದು ಹೇಳುತ್ತಿತ್ತು, ದೆಹಲಿ ಒಂದು ಹೇಳುತ್ತಿತ್ತು. ಪೀಕಿಂಗಿನಲ್ಲಿ ಮಾತ್ರ ಬೆಟ್ಟ ಒಡೆಯುತ್ತಲೇ ಇತ್ತು. ಕಾಗದವಿಲ್ಲ, ಕಟ್ಟಿಲ್ಲ. ಬಂದವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ನವರಾತ್ರಿಯ ಹೊತ್ತಿಗೆ ಶೆಟ್ಟರ ಕಾಗದ ಬಂತು. ಎಲ್ಲರೂ ಸೌಖ್ಯ, ಅಂಗಡಿ ನಡೆಯುತ್ತಿದೆ, ಮಗಳು ಅಲ್ಲಿಯ ಮಾತು ತಮಗಿಂತ ಚೆನ್ನಾಗಿ ಕಲಿತಿದ್ದಾಳೆ. ಪತ್ರಿಕೆಯನ್ನು ಮಾಮಾ ಆಶಾಳಿಗೆ ಓದಿ ಹೇಳಿದೆ, ಮೊದಲಿಂದ ಕೊನೆಯವರೆಗೆ ಕೇಳಿದಳು, ಲಾರಿಯ ಭಾಗವನ್ನು ಮತ್ತೊಮ್ಮೆ ಓದಿಸಿದಳು ಎಂದಿತ್ತು. ಆದರೆ ಒಂದು ತಪ್ಪಾಗಿದೆಯಂತೆ, ಅವಳಿಗೆ ಬೇಸರವಾಗಿದೆಯಂತೆ. ಬಾಳೆಎಲೆ ಎಂದು ನಾನು ಹೇಳಿದ್ದನ್ನು ನೀವು ಬಾಳೆಹಣ್ಣು ಮಾರುವವಳು ಎಂದು ಬರೆದಿದ್ದೀರಿ. ಅವಳು ಬೇಯಿಸಿದ ಮರಗೆಣಸನ್ನು ಬಾಳೆಎಲೆಯಲ್ಲಿ ಕಟ್ಟಿ ಮಾರುವವಳು. ಬಾಳೆಹಣ್ಣಿನವರು ರಸ್ತೆಯ ಆಚೆ ಬದಿ ಕೂರುತ್ತಾರೆ, ಅವರಿಗೂ ಅವಳಿಗೂ ಆಗದು.

ಕಾಗದವನ್ನು ಹೆಬ್ಬಾರರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು.

"ಎಂತ ಮಾಡುದ್?" ಎಂದೆ.

"ಎಂತ ಮಾಡುದ್ ಅಂದ್ರೆ? ತಪ್ಪ್ ಆಯ್ತಲೆ, ತಿದ್ಕಲ್ದಾ?"

ಮುಂದಿನ ವಾರದ ಸಂಚಿಕೆಯ ಮೊದಲ ಪುಟದಲ್ಲಿ, ಚೌಕಟ್ಟು ಕಟ್ಟಿ, ಟಾಂಜಾನಿಯಾದ ಶ್ರೀಮತಿ ಆಶಾ ಅವರು ಮಾರುವುದು ಬಾಳೆಹಣ್ಣಲ್ಲ, ಮರಗೆಣಸು, ತಪ್ಪಿಗಾಗಿ ವಿಷಾದಿಸುತ್ತೇವೆ ಎಂದು ಹಾಕಿದೆವು. ಕುಂದಾಪುರದಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ. ಪೇಟೆಯಲ್ಲಿ ಕೆಲವರು ನನ್ನನ್ನು ತಡೆದು, ಇದೆಂತ ಮಾರಾಯ್ರೆ ಎಂದು ನಕ್ಕರು. ಹೆಬ್ಬಾರರು ಆ ಸಂಚಿಕೆಯ ಒಂದು ಪ್ರತಿಯನ್ನು ತಾವೇ ಸುರುಳಿ ಸುತ್ತಿ, ದಾರ ಕಟ್ಟಿ, ಹಡಗಿನ ಅಂಚೆಗೆ ಹಾಕಿ ಬಂದರು.